ಮಿಜೋರಾಂನ ಗೆಳೆಯ ಕನ್ನಡ ಕಲಿತರೆ ಬೆಂಗಳೂರಲ್ಲಿ ಬಾಡಿಗೆ ಮನೆ ಸಿಗುತ್ತಾ?

ಮಿಜೋರಾಂನ ನಿಮ್ಮ ಗೆಳೆಯನಿಗೆ ಮುಖ ನೋಡಿ ಮನೆ ಕೊಡಲ್ಲ ಅಂತಾರೆ, ಬೀದಿಯಲ್ಲಿ 'ಚಿಂಕಿ' ಅಂತ ಕೂಗ್ತಾರೆ. ಇದಕ್ಕೆ ಕಾನೂನು ಬಿಗಿಯಾಗಬೇಕಾ, ಇಲ್ಲಾ ಗೆಳೆಯನೇ ಕನ್ನಡ ಕಲಿತು 'ನಾನೂ ನಿಮ್ಮವನೇ' ಅಂತ ಜನರಿಗೆ ತಿಳಿಹೇಳಬೇಕಾ ಅಂತ ಕೇಳಿದ್ದೀರಿ. ಆ ಎರಡನೆಯದನ್ನು ನಾನು ಮಾಡಿ ನೋಡಿದ್ದೇನೆ. ನನಗೆ ಕನ್ನಡ ಕಲಿಯುವ ಕಷ್ಟವೂ ಇರಲಿಲ್ಲ.

ನಾನು ಯಲ್ಲಾಪುರ ಕಡೆಯ ಸಿದ್ದಿ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಹಳಿಯಾಳ, ಮುಂಡಗೋಡ, ಅಂಕೋಲಾದಲ್ಲೂ ನಮ್ಮವರಿದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. 2015ರಲ್ಲಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ.

ಫೋನಿನಲ್ಲಿ ಮನೆ ಕೇಳಿದರೆ ಎಲ್ಲರಿಗೂ ಖುಷಿ. 'ಯಲ್ಲಾಪುರದವರಾ? ಬನ್ನಿ ಬನ್ನಿ.' ಗೇಟಿನ ಹತ್ತಿರ ನನ್ನ ಮುಖ ಕಂಡ ಕೂಡಲೇ, 'ಅಯ್ಯೋ, ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು.' 'ಬಾಡಿಗೆಗೆ ಇದೆ' ಅನ್ನೋ ಬೋರ್ಡು ಮಾರನೇ ವಾರವೂ ಅಲ್ಲೇ ಇರುತ್ತಿತ್ತು.

ಆಮೇಲೆ ಒಂದು ಮಾತು ಬಾಯಿಪಾಠ ಮಾಡಿಕೊಂಡೆ. 'ಸಾರ್, ನಾನು ಆಫ್ರಿಕಾದವನಲ್ಲ, ನಮ್ಮ ಕರ್ನಾಟಕದವನೇ.' ವೋಟರ್ ಐಡಿ ಕೈಯಲ್ಲೇ ಹಿಡಿದು ಹೋಗುತ್ತಿದ್ದೆ. ಕೊನೆಗೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ನಮ್ಮವನೇ ಬಿಡಪ್ಪ' ಅಂತ ಒಪ್ಪಿದರು.

ನಾನು ಎಡವಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳ್ತೇನೆ, ನಿಮ್ಮ ಗೆಳೆಯನಿಗೆ ಬೇಕಾಗುತ್ತೆ. ತಿಂಗಳಿಗೆ 6,000 ಬಾಡಿಗೆ, 60,000 ಅಡ್ವಾನ್ಸ್. ಅಷ್ಟೂ ದುಡ್ಡನ್ನು ಕೈಗೆ ಕೊಟ್ಟೆ. ರಸೀದಿ ಕೇಳಲಿಲ್ಲ. ಅಗ್ರಿಮೆಂಟ್ 'ಆಮೇಲೆ ಮಾಡೋಣ' ಅಂದರು, ಹೂಂ ಅಂದೆ. ಓದಿದವನು ಯಾಕೆ ಹಾಗೆ ಮಾಡಿದೆ ಅಂತ ನೀವು ಕೇಳಬಹುದು. ಮನೆ ಕೊಟ್ಟಿದ್ದೇ ದೊಡ್ಡ ಉಪಕಾರ ಅಂದುಕೊಂಡಿದ್ದೆ. ಕಾಗದ ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸ್ತಾರೋ ಅಂತ ಹೆದರಿದ್ದೆ. ಬೇರೆ ಯಾರೇ ಆಗಿದ್ದರೂ ಸಲೀಸಾಗಿ ಕೇಳುತ್ತಿದ್ದ ಒಂದು ಚೀಟಿ ಅದು. 'ನಾನು ನಿಮ್ಮವನೇ' ಅಂತ ಬೇಡಿಕೊಂಡು ಒಳಗೆ ಹೋದವನಿಗೆ ಅದನ್ನು ಕೇಳಲು ಬಾಯಿ ಬರಲ್ಲ.

2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆ ಕಡೆ ಸುಡಾನ್‌ನ ಒಬ್ಬರ ಕಾರು ಹರಿದು ಒಬ್ಬ ಹೆಂಗಸು ತೀರಿಹೋದರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಆಕೆಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ, ಅಷ್ಟೇ. ಆ ಗುಂಪಿನ ಮುಂದೆ ನಾನಿದ್ದಿದ್ದರೆ ನನ್ನ ಕನ್ನಡ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿತ್ತು?

ಅದಾದ ಕೆಲವೇ ದಿನಕ್ಕೆ ಮಾಲೀಕರು ಬಂದರು. 'ನೀನು ಒಳ್ಳೆಯವನೇ ಕಣಪ್ಪ, ನನಗೇನಿಲ್ಲ. ಮೇಲಿನ ಮನೆಯವರು ಹೆದರ್ತಿದ್ದಾರೆ.' ತಿಂಗಳೊಳಗೆ ಖಾಲಿ ಮಾಡಿದೆ. ಬಣ್ಣ, ರಿಪೇರಿ ಅಂತ ಮುರಿದುಕೊಂಡು 20,000 ಕೈಗಿಟ್ಟರು. ಕೇಳೋಕೆ ನನ್ನ ಹತ್ತಿರ ಒಂದು ತುಂಡು ಕಾಗದವೂ ಇರಲಿಲ್ಲ. ಆಗ ನಮ್ಮಪ್ಪ ಊರಲ್ಲಿ ತೋಟದ ಕೂಲಿಗೆ ಹೋಗುತ್ತಿದ್ದರು. ಆ ನಲವತ್ತು ಸಾವಿರ ಅಂದರೆ ನಮಗೆ ಏನು ಅಂತ ಹೇಳಬೇಕಾಗಿಲ್ಲ.

2003ರಿಂದ ನಾವು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದೇವೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ನಮ್ಮನ್ನು ಮನೆ ಬಿಟ್ಟು ಹೋಗುವಂತೆ ಮಾಡುವುದೂ ಅಪರಾಧ. ನನಗಿದು ಗೊತ್ತಾಗುವ ಹೊತ್ತಿಗೆ ಮಾಲೀಕರು ಬೇರೆಯವರಿಗೆ ಮನೆ ಕೊಟ್ಟಾಗಿತ್ತು. ಆದರೆ ಪಕ್ಕದ ಬೀದಿಯಲ್ಲಿದ್ದ ಕಾಂಗೋ ಹುಡುಗನನ್ನೂ ಅದೇ ವಾರ ಓಡಿಸಿದರು. ಅವನಿಗೆ ಆ ಕಾಯ್ದೆಯೂ ಇಲ್ಲ. ಸಂವಿಧಾನದ 15ನೇ ವಿಧಿ ಜನಾಂಗದ ಹೆಸರಲ್ಲಿ ಅಂಗಡಿ, ಹೋಟೆಲು, ಬಾವಿಗೆ ತಡೆ ಹಾಕಬಾರದು ಅನ್ನುತ್ತೆ. ಆ ಸಾಲಿನಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ನಿಡೋ ತಾನಿಯಾ ಹಲ್ಲೆಗೊಳಗಾಗಿ ಸತ್ತ ಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಜನಾಂಗೀಯ ನಿಂದನೆಗೆ, ಹಲ್ಲೆಗೆ ದಂಡಸಂಹಿತೆಯಲ್ಲೇ ಬೇರೆ ಕಲಂ ತನ್ನಿ ಅಂತ ಅದು ಅದೇ ವರ್ಷ ವರದಿ ಕೊಟ್ಟಿತು. 2024ರಲ್ಲಿ ಆ ದಂಡಸಂಹಿತೆಯ ಜಾಗಕ್ಕೆ ಹೊಸ ಭಾರತೀಯ ನ್ಯಾಯ ಸಂಹಿತೆಯೇ ಜಾರಿಗೆ ಬಂತು, ಆ ಕಲಂ ಮಾತ್ರ ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ತಿಳುವಳಿಕೆ ಬಂದರೆ ಸರಿಹೋಗುತ್ತೆ ಅನ್ನುವವರು ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ನಮ್ಮ ಮಾಲೀಕರಿಗೆ ತಿಳುವಳಿಕೆ ಇತ್ತಲ್ಲ! ನಾನು ಯಾರು ಅಂತ ಚೆನ್ನಾಗಿ ಗೊತ್ತಿತ್ತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ನಮಗೆಲ್ಲ ಹೆಮ್ಮೆಯಾಯಿತು. ಆಮೇಲೂ ಬಸ್ಸಿನಲ್ಲಿ ಹಿಂದಿನ ಸೀಟಿನವರು ನನ್ನ ಕೂದಲು ಮುಟ್ಟಿ ನೋಡುವುದು ನಿಂತಿಲ್ಲ. 'ನಾನು ಅವರ ಥರ ಅಲ್ಲ' ಅಂತ ನಾನು ಹೇಳಿದಾಗೆಲ್ಲ ಆ ಕಾಂಗೋ ಹುಡುಗನಿಗೆ ಮನೆ ಕೊಡದೇ ಇರುವುದು ಸರಿ ಅಂತಲೂ ಹೇಳಿದ ಹಾಗಾಗುತ್ತಿತ್ತು. ಇದು ನನಗೆ ಈಗಲೂ ಸಂಕಟ.

ಗೆಳೆಯ ಕನ್ನಡ ಕಲಿಯಲಿ, ಊರಿನ ಮೇಲಿನ ಪ್ರೀತಿಗೆ ಕಲಿಯಲಿ. ಮನೆ ನೋಡಲು ಹೋಗುವಾಗ ಮಾತ್ರ ತಾನು ಯಾರು ಅಂತ ವಿವರಿಸುತ್ತಾ ಕೂರುವುದು ಬೇಡ. ಅಗ್ರಿಮೆಂಟ್ ಕೈಗೆ ಬರುವ ಮುಂಚೆ ದುಡ್ಡು ಕೊಡಬೇಡಿ. ಅಡ್ವಾನ್ಸನ್ನು ಬ್ಯಾಂಕಿನಿಂದಲೇ ಹಾಕಿ. ಮಾಲೀಕರು ಕಳಿಸಿದ ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ಯಾರಾದರೂ ಹೀಯಾಳಿಸಿದರೆ, ಹೊಡೆದರೆ ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ಪಡೆಯಿರಿ. ಠಾಣೆಗೆ ಅವನನ್ನು ಒಬ್ಬನೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.