ಮಾಡೆಲ್ ಆಗಿದ್ದವರನ್ನು ಜನ ರಾಜಕೀಯದಲ್ಲಿ ಒಪ್ಪುತ್ತಾರಾ?

ತಂಗಿ ಮಾಡೆಲಿಂಗ್ ಮಾಡ್ತಾಳೆ, ಮುಂದೆ ಚುನಾವಣೆಗೆ ನಿಲ್ಲಬೇಕು ಅಂತಾಳೆ, ಇಂಥವರನ್ನು ಜನ ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಒಪ್ಪುತ್ತಾರೆ. ನೀವು ತಂಗಿಯ ಹತ್ತಿರ ಕೇಳಬೇಕಾದ್ದು ಬೇರೆ: ಮೊದಲ ಸಲ ಸೋತರೆ ಮರುದಿನ ಏನು ಮಾಡ್ತೀಯಾ?

ನಾನು ಮಂಗಳೂರಿನಲ್ಲಿ ಮೇಕಪ್ ಕೆಲಸ ಮಾಡುವವಳು. ಮದುವೆಗಳ ಜೊತೆಗೆ ಕಾಲೇಜು ಫ್ಯಾಷನ್ ಶೋಗಳಿಗೂ ಹುಡುಗಿಯರನ್ನು ತಯಾರು ಮಾಡ್ತೇನೆ. ನಮ್ಮ ಮನೆಯವರೊಬ್ಬರು ಪಾಲಿಕೆ ಚುನಾವಣೆಗೆ ನಿಂತಾಗ ಚೀಟಿ ಹಿಡಿದು ಮನೆಮನೆ ಸುತ್ತಿದ್ದೇನೆ. ಹಾಗಾಗಿ ಎರಡೂ ಕಡೆಯ ಗಾಳಿ ಸ್ವಲ್ಪ ಗೊತ್ತು.

ಸ್ಮೃತಿ ಇರಾನಿ ಅವರನ್ನೇ ನೋಡಿ. 1998ರ ಮಿಸ್ ಇಂಡಿಯಾ ಸ್ಪರ್ಧೆಯಲ್ಲಿದ್ದರು, ಗೆಲ್ಲಲಿಲ್ಲ. ಮುಂಬೈಯಲ್ಲಿ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡಿದರು. 2000ದಲ್ಲಿ ಹಿಂದಿ ಸೀರಿಯಲ್‌ನ ತುಳಸಿ ಪಾತ್ರ ಸಿಕ್ಕಿತು, ದೇಶಕ್ಕೆಲ್ಲ ಮುಖ ಪರಿಚಯವಾಯಿತು. ನಮ್ಮ ಕಡೆ ಹಿಂದಿ ಸರಿಯಾಗಿ ಬಾರದ ಅಜ್ಜಿಯಂದಿರೂ ತುಳಸಿ ಅಂದರೆ ಟಿವಿ ಮುಂದೆ ಕೂರುತ್ತಿದ್ದರು! 2003ರಲ್ಲಿ ಬಿಜೆಪಿ ಸೇರಿದರು. 2004ರಲ್ಲಿ ದೆಹಲಿಯ ಚಾಂದನಿ ಚೌಕ್‌ನಲ್ಲಿ ನಿಂತು ಕಪಿಲ್ ಸಿಬಲ್ ಎದುರು ಸೋತರು. ಸೀರಿಯಲ್ ಆಗ ಜೋರಾಗಿ ಓಡುತ್ತಿತ್ತು. ಅಂದರೆ ಮುಖ ಪರಿಚಯ ಇದ್ದ ಮಾತ್ರಕ್ಕೆ ಮತ ಬೀಳಲಿಲ್ಲ.

ಅಲ್ಲಿಗೆ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಪಕ್ಷದ ಕೆಲಸ ಮಾಡಿಕೊಂಡಿದ್ದು 2011ರಲ್ಲಿ ಗುಜರಾತಿನಿಂದ ರಾಜ್ಯಸಭೆಗೆ ಹೋದರು. 2014ರಲ್ಲಿ ಅಮೇಠಿಯಲ್ಲಿ ರಾಹುಲ್ ಗಾಂಧಿ ಎದುರು ಒಂದು ಲಕ್ಷಕ್ಕೂ ಜಾಸ್ತಿ ಮತಗಳಿಂದ ಸೋತರು. ಸೋತರೂ ಕೇಂದ್ರದಲ್ಲಿ ಮಂತ್ರಿಯಂತೂ ಆದರು. ಓದಿನ ಬಗ್ಗೆ ಅಫಿಡವಿಟ್‌ಗಳಲ್ಲಿ ಕೊಟ್ಟ ವಿವರ ಒಂದೊಂದು ಸಲ ಒಂದೊಂದು ಥರ ಇದೆ ಅಂತ ವಿವಾದವೂ ಬೆನ್ನು ಹತ್ತಿತು. ಆದರೂ ಸೋತ ಅಮೇಠಿಗೆ ಐದು ವರ್ಷ ಹೋಗಿ ಬಂದು ಮಾಡಿದರು. 2019ರಲ್ಲಿ ಅದೇ ಊರು 55 ಸಾವಿರ ಮತಗಳಿಂದ ಗೆಲ್ಲಿಸಿತು. ಆಮೇಲೆ ಅಲ್ಲೇ ಗೌರೀಗಂಜ್‌ನಲ್ಲಿ ಮನೆಯನ್ನೂ ಕಟ್ಟಿಸಿದರು. 2024ರಲ್ಲಿ ಕಿಶೋರಿ ಲಾಲ್ ಶರ್ಮಾ ಎದುರು 1.67 ಲಕ್ಷ ಮತಗಳಿಂದ ಸೋತರು. ಶರ್ಮಾ ಗಾಂಧಿ ಕುಟುಂಬದ ಪರವಾಗಿ ಅಲ್ಲಿ ದಶಕಗಳಿಂದ ಓಡಾಡಿದವರು, ಸಿನಿಮಾ ಟಿವಿ ಯಾವುದೂ ಅಲ್ಲ. ಇರಾನಿ ಅವರ ಪಕ್ಷದ ಬಗ್ಗೆ ನನಗೆ ನನ್ನದೇ ಅಭಿಪ್ರಾಯ ಇದೆ, ಅದು ಇಲ್ಲಿ ಬೇಡ.

ವೆನೆಜುವೆಲಾದ ಐರಿನ್ ಸಾಯೆಸ್ ಕತೆ ಇನ್ನೂ ವಿಚಿತ್ರ. 1981ರ ಮಿಸ್ ಯೂನಿವರ್ಸ್. ರಾಜ್ಯಶಾಸ್ತ್ರ ಓದಿ, ರಾಜಧಾನಿ ಕರಾಕಸ್‌ಗೆ ಸೇರಿದ ಚಕಾವೊದ ಮೇಯರ್ ಆದರು. ಕೆಲಸ ಎಷ್ಟು ಹಿಡಿಸಿತೆಂದರೆ ಎರಡನೇ ಸಲ ನೂರಕ್ಕೆ 90ಕ್ಕೂ ಜಾಸ್ತಿ ಮತ. 1998ರ ಅಧ್ಯಕ್ಷ ಚುನಾವಣೆಗೆ ಮೊದಮೊದಲು ಸಮೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಜನಕ್ಕೆ ಹಳೇ ಪಕ್ಷಗಳ ಮೇಲೆ ಸಿಟ್ಟಿದ್ದ ಹೊತ್ತಲ್ಲಿ ಒಂದು ಹಳೇ ಪಕ್ಷದ ಬೆಂಬಲ ತೆಗೆದುಕೊಂಡರು. ಕೊನೆಗೆ ಸಿಕ್ಕಿದ್ದು ನೂರಕ್ಕೆ ಮೂರೂ ಇಲ್ಲ. ಗೆದ್ದದ್ದು ಹ್ಯೂಗೋ ಚಾವೆಜ್. ಮರುವರ್ಷ ಸಾಯೆಸ್ ಒಂದು ರಾಜ್ಯದ ಗವರ್ನರ್ ಆದರು, ಅದೂ ಚಾವೆಜ್ ಬೆಂಬಲದಲ್ಲಿ! ಅವರು ಸೋತದ್ದು ಮಾಡೆಲ್ ಅಂತ ಅಲ್ಲ, ಅಲ್ವಾ?

ನಮ್ಮ ಕರಾವಳಿಗೆ ಬನ್ನಿ. ಐಶ್ವರ್ಯ ರೈ ಹುಟ್ಟಿದ್ದು ಮಂಗಳೂರಿನಲ್ಲಿ. 2016ರ ಮಿಸ್ ಸುಪ್ರಾನ್ಯಾಷನಲ್ ಶ್ರೀನಿಧಿ ಶೆಟ್ಟಿ ಇಲ್ಲಿನವರೇ. ಇಬ್ಬರೂ ಸಿನಿಮಾಕ್ಕೆ ಹೋದರು, ಚುನಾವಣೆಗೆ ಬರಲಿಲ್ಲ. ಮಂಗಳೂರಿನಲ್ಲೇ ಹುಟ್ಟಿದ ಜಯಮಾಲಾ ಮಾಡೆಲ್ ಅಲ್ಲ, ನಟಿ. ಅವರು ಮೊದಲು ಫಿಲ್ಮ್ ಚೇಂಬರ್ ಅಧ್ಯಕ್ಷರಾಗಿ ಸಂಘಟನೆ ನಡೆಸಿದರು, ಆಮೇಲೆ ವಿಧಾನ ಪರಿಷತ್ತು, 2018ರಲ್ಲಿ ಮಂತ್ರಿ. ಆ ದಾರಿ ನನಗೆ ಹೆಚ್ಚು ಸರಿ ಅನಿಸುತ್ತದೆ.

ಈಗ ಪ್ರಚಾರದ ಮಾತು. ರ್‍ಯಾಂಪ್ ಮೇಲೆ ನಾವು ಹುಡುಗಿಯರಿಗೆ ಹೇಳಿಕೊಡುವುದು ಏನು? ಜನರ ತಲೆ ಮೇಲಿಂದ ಕ್ಯಾಮೆರಾ ನೋಡು, ನಗಬೇಡ, ತಿರುಗು, ಹೋಗು. ಮನೆ ಬಾಗಿಲಲ್ಲಿ ಎಲ್ಲ ಉಲ್ಟಾ. ಗೇಟಿನ ಹತ್ತಿರ ನಾಯಿ ಬೊಗಳುತ್ತದೆ. ಒಳಗಿಂದ ಅಮ್ಮ ಒಬ್ಬರು ಸೆರಗಿಗೆ ಕೈ ಒರೆಸುತ್ತ ಬಂದು, ನಿಮ್ಮ ಚೀಟಿ ನೋಡುವ ಮೊದಲೇ "ಇಲ್ಲ್ ಓಲು?" ಅಂತ ಮನೆ ಎಲ್ಲಿ ಎಂದು ಕೇಳುತ್ತಾರೆ. ಮತ್ತೆ ಯಾರ ಮಗಳು, ಯಾವ ಮನೆತನ. ಅದೆಲ್ಲ ಮುಗಿದ ಮೇಲೆ ಚರಂಡಿ. ಮಳೆಗಾಲದಲ್ಲಿ ನೀರು ಅಂಗಳಕ್ಕೆ ಬರುವ ಕತೆ ಪೂರ್ತಿ ಕೇಳದೆ ಹೊರಟರೆ ಆ ಮನೆಯ ಮತ ಹೋಯಿತು ಅಂತಲೇ ಲೆಕ್ಕ. ತುಳು ಬಾರದಿದ್ದರೆ ಇನ್ನೂ ಕಷ್ಟ ಮಾರಾಯ್ರೆ.

ಇನ್ನೊಂದು ವಿಷಯ. ತಂಗಿಯ ಹಳೇ ಫೋಟೋಶೂಟ್‌ಗಳು ಚುನಾವಣೆ ಹೊತ್ತಿಗೆ ವಾಟ್ಸಾಪ್ ಗ್ರೂಪುಗಳಿಗೆ ಬಂದೇ ಬರುತ್ತವೆ. ಅಡಗಿಸಲು ಹೋಗಬೇಡಿ. "ಹೌದು, ಅದು ನನ್ನ ಕೆಲಸ, ದುಡಿದು ತಿಂದಿದ್ದೇನೆ" ಅನ್ನಲಿ. ಅಪ್ಪ ಅಮ್ಮನೂ ಅದನ್ನೇ ಹೇಳುವಷ್ಟು ಗಟ್ಟಿ ಇರಬೇಕು. ಮನೆಯಲ್ಲೇ ಅಳುಕು ಇದ್ದರೆ ಈಗಲೇ ಮಾತಾಡಿ ಮುಗಿಸಿ.

ವಿಧಾನಸಭೆಗೆ ನಿಲ್ಲಲು 25 ವರ್ಷ ಆಗಿರಬೇಕು, ಪಾಲಿಕೆಗೆ 21 ಸಾಕು. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಮಂಗಳೂರು ಪಾಲಿಕೆಯಲ್ಲಿ 60 ವಾರ್ಡ್ ಇವೆ. ಟಿಕೆಟಿನ ಮಾತು ಆಮೇಲೆ. ಮೊದಲು ತಂಗಿ ತನ್ನ ವಾರ್ಡಿನ ಮತದಾರರ ಪಟ್ಟಿ ತೆಗೆದುಕೊಂಡು, ಚುನಾವಣೆ ಇಲ್ಲದ ಹೊತ್ತಲ್ಲೇ ಒಂದೊಂದೇ ಬೀದಿ ನಡೆಯಲಿ. ಅದು ಬೇಸರ ಅನಿಸಿದರೆ ಮಾಡೆಲಿಂಗೇ ಮುಂದುವರಿಸಲಿ. ಅದರಲ್ಲೂ ತಪ್ಪೇನಿಲ್ಲ.