ಕೇಳಿಸಿದ ಮೇಲೆ ಕಾಯಬೇಡಿ

ಪತ್ರ: ಪಕ್ಕದ ಮನೆಯವರು ಸಂಬಂಧಿಕರ ಮಗಳೆಂದು ಎಂಟೊಂಬತ್ತು ವರ್ಷದ ಹುಡುಗಿಯನ್ನು ಕರೆತಂದು ಇಟ್ಟುಕೊಂಡಿದ್ದಾರೆ. ರಾತ್ರಿ ಅವಳ ಅಳು ಕೇಳಿಸುತ್ತದೆ. ಮೊನ್ನೆ ನಮ್ಮ ಅಂಗಳಕ್ಕೆ ಕಾಕಡ ಬಿಡಿಸಲು ಬಂದಾಗ ತೋಳಿನ ಮೇಲೆ ಸುಟ್ಟ ಗುರುತು ಕಂಡೆ. ಒಲೆ ತಾಗಿತು ಎಂದಳು. ಪರರ ಮನೆಯ ವಿಚಾರ. ನನ್ನ ಅನುಮಾನವೇ ತಪ್ಪಾದರೆ? – ಓದುಗರು, ಮಂಡ್ಯ

(ಮಗುವಿನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಈ ಉತ್ತರವನ್ನು ಪತ್ರ ಬಂದ ದಿನವೇ ಅವರಿಗೆ ಫೋನಿನಲ್ಲಿ ಓದಿ ಹೇಳಿದೆವು.)

ಸೋದರಿ,

ನೀವು ನೋಡಿದಿರೆಂದು ಗೊತ್ತಾದ ಕೂಡಲೇ ಆ ಹುಡುಗಿ ಅಂಗಿಯ ತೋಳನ್ನು ಕೆಳಗೆಳೆದುಕೊಂಡು, ಬಿಡಿಸಿದ ಹೂವನ್ನೆಲ್ಲ ಜಗಲಿಯ ಮೇಲೇ ಬಿಟ್ಟು ಓಡಿದಳು ಎಂದು ಬರೆದಿದ್ದೀರಿ. ನನ್ನ ನಿದ್ದೆ ಕೆಡಿಸಿದ್ದು ಆ ಸಾಲು. ಇಷ್ಟು ಸಣ್ಣ ವಯಸ್ಸಿಗೇ ಮುಚ್ಚಿಡುವುದನ್ನು ಕಲಿತಿದ್ದಾಳೆ.

ಇವತ್ತೇ 1098ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಬೇಡವೆಂದರೆ ನಿಮ್ಮ ಹೆಸರನ್ನೂ ಹೇಳಬೇಕಿಲ್ಲ. ಹೊಡೆತದ ಸದ್ದು ಆ ಕ್ಷಣದಲ್ಲೇ ಕೇಳಿಸುತ್ತಿದ್ದರೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ. ಕಂಡದ್ದು, ಕೇಳಿದ್ದು, ಯಾವ ದಿನ, ಎಷ್ಟು ಹೊತ್ತಿಗೆ – ಅಷ್ಟನ್ನು ಹೇಳಿ. ಸಾಬೀತು ಮಾಡುವ ಹೊರೆ ನಿಮ್ಮದಲ್ಲ. ವಿಚಾರಿಸಿ ನೋಡುವುದಕ್ಕೆಂದೇ ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವಿದೆ. ಮಗುವನ್ನು ಆ ಮನೆಯಿಂದ ಕರೆತರಬೇಕಾಗಿ ಬಂದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮುಂದಿನದನ್ನು ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಆ ಸಮಿತಿ ತೀರ್ಮಾನಿಸುತ್ತದೆ.

ಪರರ ಮನೆಯ ವಿಚಾರ ಎಂದಿರಿ. ತನ್ನ ಸುಪರ್ದಿಯಲ್ಲಿರುವ ಮಗುವನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ. ಇನ್ನು ಲೈಂಗಿಕ ದೌರ್ಜನ್ಯದ ಅನುಮಾನವೇನಾದರೂ ಇದ್ದರೆ, ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಸದುದ್ದೇಶದಿಂದ ತಿಳಿಸಿದವರನ್ನು ಅದೇ ಕಾಯ್ದೆ ಕಾಪಾಡುತ್ತದೆ. ಮಗುವಿನ ಹೇಳಿಕೆಯನ್ನು ಪೊಲೀಸರು ಸಮವಸ್ತ್ರದಲ್ಲಿ ಬಂದು ಪಡೆಯುವಂತಿಲ್ಲ.

ಮೈಸೂರಿನ ವಠಾರವೊಂದರಲ್ಲಿ ನಾನಿದ್ದಾಗ ಗೋಡೆಯಾಚೆ ಒಬ್ಬ ಹುಡುಗ ಹೊಡೆಸಿಕೊಳ್ಳುತ್ತಿದ್ದ. ನಾನು ರೇಡಿಯೊ ಜೋರು ಮಾಡುತ್ತಿದ್ದೆ. ಒಂದು ದಿನ ಅವರು ಮನೆ ಖಾಲಿ ಮಾಡಿಕೊಂಡು ಹೋದರು. ಅವನು ಏನಾದನೋ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ದಯವಿಟ್ಟು ಆ ಮನೆಯವರೊಂದಿಗೆ ನೀವೇ ಜಗಳಕ್ಕೆ ಹೋಗಬೇಡಿ. ಆ ಸಿಟ್ಟೆಲ್ಲ ರಾತ್ರಿ ಹುಡುಗಿಯ ಮೈಮೇಲೆ ಇಳಿಯುತ್ತದೆ. ಗಾಯದ ಫೋಟೊ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ಹುಡುಗಿ ಮತ್ತೆ ಹೂವಿಗೆ ಬಂದರೆ ಕೆದಕಿ ಕೇಳಬೇಡಿ, ಹೂ ಬಿಡಿಸಲಿ, ತಿನ್ನಲು ಏನಾದರೂ ಕೊಡಿ. ತಾನಾಗಿ ಬಾಯಿಬಿಟ್ಟರೆ ಪೂರ್ತಿ ಕೇಳಿಸಿಕೊಂಡು, 'ನಿನ್ನದೇನೂ ತಪ್ಪಿಲ್ಲ ಕಂದ' ಎನ್ನಿ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತ್ರ ಮಾತು ಕೊಡಬೇಡಿ. ನೀವು ಹೇಳಲೇಬೇಕಲ್ಲ.

ಎರಡು ದಿನದಲ್ಲಿ ಯಾರೂ ಬಾರದಿದ್ದರೆ ಮತ್ತೆ ಕರೆ ಮಾಡಿ, ಸಮಿತಿಗೆ ಅರ್ಜಿಯನ್ನೂ ಬರೆಯಿರಿ. ಒಬ್ಬರೇ ಹೋಗಲು ಅಳುಕಾದರೆ ನನಗೆ ತಿಳಿಸಿ. ಮೈಸೂರಿನಿಂದ ಮಂಡ್ಯಕ್ಕೆ ಗಂಟೆಯ ದಾರಿ, ನಾನು ಬರುತ್ತೇನೆ.

– ಸಂಪಾದಕ