ಪಿಸ್ತೂಲಿನ ತೋಟಾಕ್ಕೆ ಯಾವ ಮದ್ದು?

ಖಾಲಿ ಕೇಸುಗಳಿಗೆ (ತೋಟಾದ ಹಿತ್ತಾಳೆ ಚಿಪ್ಪು) ಮರಳಿ ಮದ್ದು ತುಂಬುವ ಹವ್ಯಾಸಿಗಳಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಮದ್ದಿನ ಆಯ್ಕೆಯವನ್ನಷ್ಟೇ ತೆಗೆದುಕೊಂಡಿದ್ದೇವೆ. ಕೆಳಗೆ ಬರುವ ಮದ್ದಿನ ತೂಕಗಳು ಹೋಲಿಕೆಗೆ ಕೊಟ್ಟವು. ಅವನ್ನು ನೋಡಿ ತಕ್ಕಡಿ ಹೊಂದಿಸಬೇಡಿ, ಅದಕ್ಕೆ ಮದ್ದು ತಯಾರಕರ ಈಗಿನ ಕೈಪಿಡಿಯನ್ನೇ ತೆರೆಯಿರಿ. ತೋಟಾ ತುಂಬಲು ನಿಮ್ಮ ಕಾನೂನು ಅವಕಾಶ ಕೊಡುತ್ತದೆಯೇ ಎಂಬುದನ್ನು ಅದಕ್ಕೂ ಮೊದಲು ನೋಡಿಕೊಳ್ಳಿ.

ಪ್ರಶ್ನೆ: 9 ಎಂಎಂ ತೋಟಾ ತುಂಬುವುದನ್ನು ಈಗಷ್ಟೇ ಶುರು ಮಾಡುತ್ತಿದ್ದೇನೆ. ಒಂದೇ ಗುಂಡಿಗೆ ಕೈಪಿಡಿಯಲ್ಲಿ ಹದಿನೈದಿಪ್ಪತ್ತು ಮದ್ದುಗಳ ಹೆಸರಿವೆ. ಅತಿ ಹೆಚ್ಚು ವೇಗ ಕೊಡುವುದನ್ನೇ ಕೊಂಡರೆ ಆಗುತ್ತದೆಯೇ?

ಉತ್ತರ: ವೇಗದ ಕಾಲಂ ಅನ್ನು ಕೊನೆಗೆ ನೋಡಿ. ಆ ಮದ್ದು ಕೇಸನ್ನು ಎಷ್ಟು ತುಂಬುತ್ತದೆ ಎಂಬುದು ಮೊದಲು ಬೇಕು. 124 ಗ್ರೇನ್ (ಪೌಂಡಿನ 7,000ನೇ ಒಂದು ಭಾಗ ಒಂದು ಗ್ರೇನ್) ಗುಂಡಿಗೆ ಟೈಟ್‌ಗ್ರೂಪ್ ಮದ್ದು ಸುಮಾರು 4 ಗ್ರೇನ್ ಸಾಕಾಗುತ್ತದೆ. ಕೇಸಿನ ಅರ್ಧವೂ ತುಂಬುವುದಿಲ್ಲ. ಗಮನ ತಪ್ಪಿ ಅದೇ ಕೇಸಿಗೆ ಎರಡನೇ ಸಲವೂ ಬಿತ್ತು ಅನ್ನಿ, 8 ಗ್ರೇನ್ ಕೂಡ ಹೊರಗೆ ಚೆಲ್ಲದೆ ಒಳಗೇ ಕೂರುತ್ತದೆ. ಮೇಲೆ ಗುಂಡು ಕೂರಿಸಿದರೆ ಆ ತೋಟಾಕ್ಕೂ ಪಕ್ಕದ್ದಕ್ಕೂ ಹೊರಗಿನಿಂದ ವ್ಯತ್ಯಾಸವೇ ತಿಳಿಯದು. ಅದನ್ನು ಹಾರಿಸಿದರೆ ಪಿಸ್ತೂಲು ಒಡೆಯುತ್ತದೆ.

ಇದೇ ಕೇಸಿಗೆ ಯೂನಿಕ್ ಎಂಬ ಮದ್ದು ಹಾಕುವುದಾದರೆ 5 ಗ್ರೇನ್ ಆಸುಪಾಸು ಬೇಕು, ಬಿಲ್ಲೆಯಂಥ ಅದರ ಕಾಳುಗಳು ಜಾಗವನ್ನೂ ಹೆಚ್ಚು ತಿನ್ನುತ್ತವೆ. ಎರಡು ಸಲ ಬಿದ್ದರೆ ಮೇಜಿನ ಮೇಲೆಲ್ಲ ಚೆಲ್ಲಿ ತಪ್ಪು ತಾನೇ ಬಾಯಿಬಿಡುತ್ತದೆ. ಹೊಸಬರಿಗೆ ನಾವು ಹೇಳುವುದು ಇಷ್ಟೇ: ಎರಡು ಸಲ ಬಿದ್ದರೆ ಕಣ್ಣಿಗೆ ಬೀಳುವ ಮದ್ದನ್ನು ಕೊಳ್ಳಿ. ಸೆಕೆಂಡಿಗೆ 30 ಅಡಿ ವೇಗ ಕಡಿಮೆಯಾದರೆ ಗುರಿಹಲಗೆಗೆ ಗೊತ್ತಾಗುವುದಿಲ್ಲ.

ಹಾಗಂತ ಯೂನಿಕ್‌ನಲ್ಲಿ ಕೊರತೆಯಿಲ್ಲ ಎಂದಲ್ಲ. ದೊಡ್ಡ ಬಿಲ್ಲೆಗಳಾದ್ದರಿಂದ ಅಳತೆಯಷ್ಟು ಮದ್ದು ಬೀಳಿಸುವ ಪೌಡರ್ ಮೆಷರ್‌ನಲ್ಲಿ ಒಂದೇ ಸಮ ಇಳಿಯುವುದಿಲ್ಲ, ಹಿಡಿ ಎಳೆಯುವಾಗ ಬಿಲ್ಲೆ ತುಂಡಾಗುವ ಕರಕರ ಕೈಗೆ ತಗಲುತ್ತದೆ. ನಡುವಿನ ದಾರಿ ಬೇಕಾದವರಿಗೆ ಎಚ್‌ಪಿ-38 ಒಳ್ಳೆಯದು. ಕಾಳು ಸಣ್ಣದು, ಅಳತೆ ಸಮವಾಗಿ ಬೀಳುತ್ತದೆ, ಎರಡು ಸಲ ಬಿದ್ದರೆ 9 ಎಂಎಂ ಕೇಸಿನ ಬಾಯಿವರೆಗೂ ಬರುತ್ತದೆ. 9 ಎಂಎಂ, .38 ಸ್ಪೆಷಲ್, .45 ಎಸಿಪಿ ಮೂರಕ್ಕೂ ಇದರ ಅಳತೆಗಳು ಕೈಪಿಡಿಯಲ್ಲಿ ಸಿಗುತ್ತವೆ. ಆದರೆ .38 ಮತ್ತು .45ರ ಕೇಸುಗಳು ದೊಡ್ಡವು, ಅಲ್ಲಿ ಎರಡು ಅಳತೆ ಬಿದ್ದರೂ ಚೆಲ್ಲುವುದಿಲ್ಲ. ಮದ್ದು ಯಾವುದೇ ಇರಲಿ, 50 ಕೇಸುಗಳನ್ನು ಬ್ಲಾಕ್‌ನಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಬೇಕು.

ಪ್ರಶ್ನೆ: ಉರಿಯುವ ವೇಗದ ಪಟ್ಟಿಯಲ್ಲಿ ನನ್ನ ಮದ್ದಿನ ಪಕ್ಕದಲ್ಲೇ ಇನ್ನೊಂದಿದೆ. ನನ್ನದು ಮುಗಿದಿದೆ. ಅದೇ ತೂಕದಲ್ಲಿ ಪಕ್ಕದ್ದನ್ನು ಬಳಸಬಹುದೇ?

ಉತ್ತರ: ಬಳಸಬೇಡಿ. ಆ ಪಟ್ಟಿ ಹೇಳುವುದು ಯಾವುದು ಮೊದಲು, ಯಾವುದು ನಂತರ ಎಂಬ ಸರದಿಯನ್ನು ಮಾತ್ರ. 14ನೆಯದಕ್ಕೂ 15ನೆಯದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟೋ ಮಾರುದ್ದವೋ ಅದರಲ್ಲಿ ಕಾಣುವುದಿಲ್ಲ. ಕೇಸು ಬದಲಾದರೆ, ಒತ್ತಡ ಬದಲಾದರೆ ಸರದಿಯೇ ಹಿಂದುಮುಂದಾಗುವುದೂ ಉಂಟು. ಒಂದು ಕೈಪಿಡಿಯಲ್ಲಿ ನಿಮ್ಮ ಮದ್ದು ಎಲ್ಲಿ ಬರುತ್ತದೆ, ವೇಗದ್ದೇ ನಿಧಾನದ್ದೇ ಎಂದು ತಿಳಿಯಲು ಪಟ್ಟಿ ಸಾಕು.

ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಒಂದೇ ಮದ್ದು, ಡಬ್ಬಿ ಮಾತ್ರ ಬೇರೆ. ಎಚ್110 ಮತ್ತು ವಿಂಚೆಸ್ಟರ್ 296 ಕೂಡ ಹಾಗೆಯೇ. ಇದನ್ನು ಕೇಳಿದವರು ಹೆಸರು ಹತ್ತಿರವಿರುವುದೆಲ್ಲ ಒಂದೇ ಎಂದುಕೊಳ್ಳುತ್ತಾರೆ. ಕ್ಲೇಸ್, ಇಂಟರ್‌ನ್ಯಾಷನಲ್ ಕ್ಲೇಸ್, ಯೂನಿವರ್ಸಲ್ ಕ್ಲೇಸ್ ಎಂಬ ಹೆಸರಿನಲ್ಲಿ ಬಂದವು ಮೂರು ಬೇರೆ ಬೇರೆ ಮದ್ದುಗಳು, ಮೂರೂ ಒಂದಕ್ಕಿಂತ ಒಂದು ನಿಧಾನ. ಯೂನಿವರ್ಸಲ್‌ನ ತೂಕ ಓದಿ ಕ್ಲೇಸ್ ತುಂಬಿದರೆ ಒತ್ತಡ ಮಿತಿ ಮೀರುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ಕೈಪಿಡಿಯ ಹೆಸರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ.

ಪ್ರಶ್ನೆ: .38 ಸ್ಪೆಷಲ್ ರಿವಾಲ್ವರಿಗೆ ಮೃದುವಾದ ಗುರಿ ಅಭ್ಯಾಸದ ತೋಟಾ ತುಂಬುತ್ತೇನೆ. ತಕ್ಕಡಿಯಲ್ಲಿ ಎಲ್ಲ ಒಂದೇ ತೂಕ, ಆದರೂ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ವೇಗ ಎಲ್ಲೆಲ್ಲೋ ಹೋಗುತ್ತದೆ. ಯಾಕೆ?

ಉತ್ತರ: ತಕ್ಕಡಿಯದಲ್ಲ, ಕೇಸಿನೊಳಗಿನ ಖಾಲಿ ಜಾಗದ ತಪ್ಪು. .38 ಸ್ಪೆಷಲ್ 1898ರ ಸುಮಾರಿನಲ್ಲಿ ಬಂದಾಗ ಅದಕ್ಕೆ ತುಂಬುತ್ತಿದ್ದುದು ಕರಿಮದ್ದು. ಅದಕ್ಕೆ ತಕ್ಕಂತೆ ಕೇಸು ಉದ್ದವಾಗಿದೆ. ಇವತ್ತಿನ ಹೊಗೆರಹಿತ ಮದ್ದಿಗೆ ಅಷ್ಟು ಜಾಗ ಬೇಡ. 148 ಗ್ರೇನ್ ತೂಕದ, ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡಿಗೆ 2.7 ಗ್ರೇನ್ ಬುಲ್ಸ್‌ಐ ಮದ್ದು ಎಂಬುದು ಗುರಿಕಾರರ ಹಳೆಯ ಅಳತೆ, ಅದು ಕೇಸಿನ ಐದನೇ ಒಂದು ಭಾಗವನ್ನೂ ಸರಿಯಾಗಿ ತುಂಬುವುದಿಲ್ಲ. ರಿವಾಲ್ವರನ್ನು ಕೆಳಮುಖ ಹಿಡಿದು ಎತ್ತಿದರೆ ಮದ್ದು ಗುಂಡಿನ ಬುಡಕ್ಕೆ ಸರಿದಿರುತ್ತದೆ. ಹಿಂದಕ್ಕೆ ವಾಲಿಸಿ ತಂದರೆ ಕೇಸಿನ ಬುಡದಲ್ಲಿದ್ದು ಕಿಡಿ ಹಚ್ಚುವ ಪ್ರೈಮರಿನ ಬಾಯಿಗೆ ಬಂದು ಕೂತಿರುತ್ತದೆ. ಪ್ರೈಮರಿನ ಕಿಡಿ ಮೊದಲ ಸಲ ಮದ್ದಿನ ಮೇಲಿನಿಂದ ಹಾದುಹೋಗುತ್ತದೆ, ಎರಡನೇ ಸಲ ನೇರ ಮದ್ದಿಗೇ ನುಗ್ಗುತ್ತದೆ. ಉರಿ ಹಿಡಿಯುವ ಬಗೆ ಬದಲಾಗಿ ವೇಗವೂ ಬದಲಾಗುತ್ತದೆ.

ಪರೀಕ್ಷೆ ಸುಲಭ. ಒಂದೇ ಕಂತಿನ 20 ತೋಟಾ ತೆಗೆದುಕೊಳ್ಳಿ. ಹತ್ತನ್ನು ಪ್ರತಿ ಸಲವೂ ನಳಿಗೆ ತಗ್ಗಿಸಿ ನಿಧಾನವಾಗಿ ಎತ್ತಿ ಹಾರಿಸಿ. ಉಳಿದ ಹತ್ತನ್ನು ಗುರಿದಿಣ್ಣೆಯ ಎತ್ತರ ಮೀರದಷ್ಟು ನಳಿಗೆ ಎತ್ತಿ, ಮೆಲ್ಲಗೆ ಇಳಿಸಿ ಹಾರಿಸಿ. ನಳಿಗೆ ಆಡಿಸುವಾಗ ಬೆರಳು ಕುದುರೆಯಿಂದ (ಟ್ರಿಗರ್) ದೂರವಿರಲಿ. ಎರಡು ಸರಾಸರಿಗಳ ನಡುವೆ ದೊಡ್ಡ ಅಂತರ ಕಂಡರೆ ಆ ಮದ್ದು ಆ ಕೇಸಿಗೆ ಹೊಂದುತ್ತಿಲ್ಲ. ಜಾಗ ಹೆಚ್ಚು ತುಂಬುವುದನ್ನು ಹುಡುಕಿ, ಇಲ್ಲವೇ ಟೈಟ್‌ಗ್ರೂಪ್‌ನಂತೆ ಕೇಸಿನಲ್ಲಿ ಎಲ್ಲಿ ಕೂತರೂ ಹೆಚ್ಚು ಬದಲಾಗದ ಮದ್ದನ್ನು ಆರಿಸಿ. ಮೇಲೆ ದೂರಿದ ಟೈಟ್‌ಗ್ರೂಪ್ ಇಲ್ಲಿ ಉಪಕಾರಿ, ಇಣುಕಿ ನೋಡುವ ಶಿಸ್ತು ಮಾತ್ರ ಎರಡು ಪಟ್ಟು ಬೇಕು. ವಾಡ್‌ಕಟರ್ ಗುಂಡು ಕೇಸಿನೊಳಗೆ ಪೂರ್ತಿ ಇಳಿದು ಕೂರುವುದರಿಂದ ಖಾಲಿ ಜಾಗ ತಾನಾಗಿ ಕಿರಿದಾಗುತ್ತದೆ. ಅದು ಮೃದು ತೋಟಾಕ್ಕೆ ಚೆನ್ನಾಗಿ ಒಗ್ಗಲು ಅದೂ ಒಂದು ಕಾರಣ.

ಪ್ರಶ್ನೆ: .357 ಮ್ಯಾಗ್ನಮ್‌ಗೆ ಎಚ್110 ತಂದಿದ್ದೇನೆ. ಹಿಮ್ಮೆಟ್ಟು ಜೋರು. ಮದ್ದನ್ನು ಶೇಕಡಾ 20 ಕಡಿಮೆ ಮಾಡಿದರೆ?

ಉತ್ತರ: ಮದ್ದು ಕಡಿಮೆಯಾದಷ್ಟೂ ಕ್ಷೇಮ ಎಂಬ ಲೆಕ್ಕ ಈ ಮದ್ದಿನ ಹತ್ತಿರ ನಡೆಯುವುದಿಲ್ಲ. ಎಚ್110ರ ಅಳತೆಯನ್ನು ಶೇಕಡಾ 3ಕ್ಕಿಂತ ಹೆಚ್ಚು ಇಳಿಸಬೇಡಿ ಎಂಬುದು ತಯಾರಕರದೇ ಮಾತು. ಈ ಗುಂಡುಕಾಳಿನ ಮದ್ದಿಗೆ ಹೊತ್ತಿಕೊಳ್ಳುವುದೇ ಕಷ್ಟ. ಕೇಸು ತುಂಬಿರಬೇಕು, ಒತ್ತಡ ಬೇಗ ಏರಬೇಕು, ಆಗ ಮಾತ್ರ ಸಮವಾಗಿ ಉರಿಯುತ್ತದೆ. ಅಳತೆ ಇಳಿಸಿದರೆ ಉರಿ ಅರ್ಧಕ್ಕೆ ನಂದಬಹುದು, ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. 'ಢಂ' ಎನ್ನಬೇಕಾದ ಕಡೆ 'ಟಪ್' ಎಂದರೆ ಮುಂದಿನ ಗುಂಡು ಹಾರಿಸದೆ ನಿಲ್ಲಿಸಿ, ರಿವಾಲ್ವರ್ ಖಾಲಿ ಮಾಡಿ, ನಳಿಗೆಯಲ್ಲಿ ಕಡ್ಡಿ ಇಳಿಸಿ ನೋಡಿ. ಇದಕ್ಕೆ ಮ್ಯಾಗ್ನಮ್ ಪ್ರೈಮರ್ ಮತ್ತು ಗುಂಡನ್ನು ಬಿಗಿಯಾಗಿ ಹಿಡಿಯುವ ರೋಲ್ ಕ್ರಿಂಪ್ (ಕೇಸಿನ ಬಾಯಂಚನ್ನು ಒಳಕ್ಕೆ ಬಾಗಿಸುವುದು) ಬೇಕೆನ್ನುವುದೂ ಇದೇ ಕಾರಣಕ್ಕೆ.

ಮೃದು ತೋಟಾ ಬೇಕಿದ್ದರೆ ಡಬ್ಬಿ ಬದಲಿಸಿ. ನಡು ಬಲಕ್ಕೆ ಯೂನಿಕ್, ಅದಕ್ಕೂ ಸ್ವಲ್ಪ ಮೇಲೆ ಅಲಯಂಟ್ 2400 ಇವೆ. ಎಚ್110 ಪೂರ್ಣ ಬಲದ ಮದ್ದು, ಅದನ್ನು ಅಲ್ಲೇ ಬಿಡಿ. ಬ್ಲೂ ಡಾಟ್ ಬಳಸಿ ಎಂದು ಯಾರಾದರೂ ಹೇಳಿದರೆ ಒಂದು ವಿಷಯ ನೆನಪಿರಲಿ. .357 ಮ್ಯಾಗ್ನಮ್‌ನಲ್ಲಿ 125 ಗ್ರೇನ್ ಗುಂಡಿನೊಂದಿಗೆ ಮತ್ತು .41 ಮ್ಯಾಗ್ನಮ್‌ನಲ್ಲಿ ಯಾವ ಗುಂಡಿನೊಂದಿಗೂ ಅದನ್ನು ಬಳಸಬಾರದೆಂದು ತಯಾರಕ ಸಂಸ್ಥೆ ಅಲಯಂಟ್ 2008ರಲ್ಲಿ ಎಚ್ಚರಿಕೆ ಕೊಟ್ಟಿತು. ಹಳೆಯ ಕೈಪಿಡಿಗಳಲ್ಲಿ ಆ ಅಳತೆಗಳು ಇನ್ನೂ ಇವೆ.

ಪ್ರಶ್ನೆ: ಸ್ಪರ್ಧೆಗೆ 9 ಎಂಎಂ, ಪವರ್ ಫ್ಯಾಕ್ಟರ್ 125 ದಾಟಬೇಕು, ಕೈಗೆ ಮೃದುವಾಗಿಯೂ ಇರಬೇಕು.

ಉತ್ತರ: ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಅಡಿ ಲೆಕ್ಕದ ವೇಗದಿಂದ ಗುಣಿಸಿ 1,000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. 124 ಗ್ರೇನ್ ಗುಂಡು 1,040 ಅಡಿಯಲ್ಲಿ ಹೋದರೆ ಸುಮಾರು 129, 147 ಗ್ರೇನ್ ಗುಂಡು 875 ಅಡಿಯಲ್ಲಿ ಹೋದರೂ ಅಷ್ಟೇ. 125ಕ್ಕೇ ಹೊಂದಿಸಿಕೊಂಡು ಹೋದರೆ ಸ್ಪರ್ಧೆಯ ಕ್ರೋನೋಗ್ರಾಫ್ ಎದುರು ಸೋಲುವ ಅಪಾಯವಿದೆ. ಮೂರ್ನಾಲ್ಕು ಅಂಕ ಹೆಚ್ಚಿಟ್ಟುಕೊಳ್ಳಿ.

ಉರಿದ ಮದ್ದಿನ ತೂಕವೂ ಅನಿಲವಾಗಿ ನಳಿಗೆಯಿಂದಲೇ ಹೊರಡುತ್ತದೆ, ಗುಂಡಿಗಿಂತ ಜೋರಾಗಿ. ಒಂದೇ ಪವರ್ ಫ್ಯಾಕ್ಟರಿಗೆ 4 ಗ್ರೇನ್ ಸಾಕಾಗುವ ವೇಗದ ಮದ್ದು 6 ಗ್ರೇನ್ ಬೇಕಾಗುವ ನಿಧಾನದ್ದಕ್ಕಿಂತ ಕಡಿಮೆ ಒದೆಯುವುದು ಅದಕ್ಕೇ. ವಿಹ್ಟವೂರಿ ಎನ್320 ವೇಗದ ಮದ್ದುಗಳ ಬಳಗದಲ್ಲಿ ಹೆಸರುವಾಸಿ. ಪಿಸ್ತೂಲಿಗೆ ಕಾಂಪೆನ್ಸೇಟರ್ (ಅನಿಲವನ್ನು ಮೇಲಕ್ಕೆ ಚಿಮ್ಮಿಸಿ ನಳಿಗೆ ಏಳದಂತೆ ತಡೆಯುವ ತುದಿ) ಇದ್ದರೆ ಲೆಕ್ಕ ತಲೆಕೆಳಗು. ಅದಕ್ಕೆ ಕೆಲಸ ಮಾಡಲು ಅನಿಲವೇ ಬೇಕು, ಆದ್ದರಿಂದ ಎಚ್‌ಎಸ್-6ರಂಥ ನಿಧಾನದ್ದು ಒಗ್ಗುತ್ತದೆ.

ಪ್ರಶ್ನೆ: ಪ್ರೈಮರ್ ಚಪ್ಪಟೆಯಾಗಿಲ್ಲ. ಹಾಗಿದ್ದರೆ ಮದ್ದನ್ನು ಇನ್ನೂ ಸ್ವಲ್ಪ ಏರಿಸಬಹುದಲ್ಲವೇ?

ಉತ್ತರ: ರೈಫಲ್‌ನವರಿಂದ ಬಂದ ಅಭ್ಯಾಸ ಇದು: ಪ್ರೈಮರ್ ಚಪ್ಪಟೆಯಾದರೆ ಒತ್ತಡ ಹೆಚ್ಚಾಗಿದೆ ಎಂದು ಓದುವುದು. ಪಿಸ್ತೂಲಿಗೆ ಇದು ಹೊಂದದು. ಅಮೆರಿಕದ ಕೋವಿ-ತೋಟಾ ತಯಾರಕರ ಸಾಮಿ ಸಂಸ್ಥೆಯ ಮಾನದಂಡದಲ್ಲಿ .38 ಸ್ಪೆಷಲ್‌ನ ಗರಿಷ್ಠ ಒತ್ತಡ (ಚದರ ಅಂಗುಲಕ್ಕೆ ಪೌಂಡ್ ಲೆಕ್ಕದಲ್ಲಿ) 17,000 ಪಿಎಸ್‌ಐ, .45 ಎಸಿಪಿಯದು 21,000, 9 ಎಂಎಂನದು 35,000. .38ಕ್ಕೂ 9 ಎಂಎಂಗೂ ಪ್ರೈಮರ್ ಒಂದೇ ಬಗೆಯದು, ಅದಕ್ಕೆ ನಿಮ್ಮ ಕೋವಿಯ ಮಿತಿ ಗೊತ್ತಿಲ್ಲ. .38ರಲ್ಲಿ ಅದು ಚಪ್ಪಟೆಯಾಗುವ ಹೊತ್ತಿಗೆ ನೀವು ಮಿತಿ ದಾಟಿ ಬಹಳ ದೂರ ಬಂದಿರುತ್ತೀರಿ. ಚಪ್ಪಟೆಯಾದರೆ ನಿಲ್ಲಿಸಿ. ಆಗದಿದ್ದರೆ ಅದರಿಂದ ಏನೂ ತಿಳಿದಂತಾಗಲಿಲ್ಲ.

ಏರಿಸುವ ಕ್ರಮ ಹೀಗೆ. ಕೈಪಿಡಿಯ ಆರಂಭದ ಅಳತೆಯಿಂದ ಹೊರಡಿ. ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದರಿಂದ ಶೇಕಡಾ 10 ಕಳೆಯಿರಿ (ಎಚ್110, 296ಕ್ಕೆ ಇದು ಸಲ್ಲದು). 9 ಎಂಎಂನಲ್ಲಿ ಒಂದು ಹೆಜ್ಜೆಗೆ 0.1 ಗ್ರೇನ್, ದೊಡ್ಡ ಕೇಸುಗಳಲ್ಲಿ 0.2. ಪ್ರತಿ ಹೆಜ್ಜೆಗೆ ಹತ್ತು ತೋಟಾ ತುಂಬಿ, ವೇಗ ಬರೆದುಕೊಳ್ಳಿ. ಕೈಪಿಡಿ ಹೇಳಿದ ಗರಿಷ್ಠ ವೇಗ ನಿಮ್ಮ ಪಿಸ್ತೂಲಿನಲ್ಲಿ ಮೊದಲೇ ಬಂದುಬಿಟ್ಟರೆ ಅಲ್ಲಿಗೇ ನಿಲ್ಲಬೇಕು, ಗರಿಷ್ಠ ತೂಕ ಇನ್ನೂ ದೂರವಿದ್ದರೂ ಸರಿ. ಬಿಟ್ಟಿ ವೇಗ ಎಂಬುದಿಲ್ಲ, ಅದು ಒತ್ತಡದಿಂದಲೇ ಬಂದಿರುತ್ತದೆ. ತಕ್ಕಡಿಯನ್ನು ಪ್ರತಿ ಸಲ ತೂಕದ ಬಟ್ಟಿನಿಂದ ಪರೀಕ್ಷಿಸಿ. ಪೌಡರ್ ಮೆಷರ್‌ನಿಂದ ಹತ್ತು ಅಳತೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ 0.1ರೊಳಗಿನ ತಪ್ಪೂ ಹಿಡಿತಕ್ಕೆ ಸಿಗುತ್ತದೆ.

ಮದ್ದಿನಷ್ಟೇ ಮುಖ್ಯ ಗುಂಡು ಎಷ್ಟು ಆಳ ಕೂತಿದೆ ಎಂಬುದು. 9 ಎಂಎಂನಂಥ ಪುಟ್ಟ ಕೇಸಿನಲ್ಲಿ ಗುಂಡು ಒಂದಿಷ್ಟು ಒಳಗೆ ಜಾರಿದರೂ ಒತ್ತಡ ಸರ್ರನೆ ಏರುತ್ತದೆ. ತುಂಬಿದ ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ, ಗುಂಡಿನ ಮೂತಿಯನ್ನು ಮೇಜಿನಂಚಿಗೆ ಒತ್ತಿ ಹೆಬ್ಬೆರಳಿನಿಂದ ಗಟ್ಟಿಯಾಗಿ ತಳ್ಳಿ, ಮತ್ತೆ ಅಳೆಯಿರಿ. ಉದ್ದ ಕಡಿಮೆಯಾಗಿದ್ದರೆ ಕೇಸು ಗುಂಡನ್ನು ಹಿಡಿಯುತ್ತಿಲ್ಲ. ಕ್ರಿಂಪ್ ಬಿಗಿ ಮಾಡಿದರೆ ಇದು ಸರಿಹೋಗದು, ಕೇಸನ್ನು ಅಳತೆಗೆ ಕುಗ್ಗಿಸುವ ಸೈಜಿಂಗ್ ಡೈ ಮತ್ತು ಬಾಯಿ ಅರಳಿಸುವ ಎಕ್ಸ್‌ಪಾಂಡರ್ ನೋಡಿ.

ಪ್ರಶ್ನೆ: ಹಾರಿಸಿದ ಕೇಸಿನ ಹೊರಮೈಗೆ ಮಸಿ, ನಳಿಗೆಯಲ್ಲಿ ಉರಿಯದ ಕಾಳು. ಮದ್ದು ಕೆಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಒತ್ತಡ ಸಾಲದು. ಹಿತ್ತಾಳೆ ಉಬ್ಬಿ, ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟದೇ ಹೋದರೆ ಅನಿಲ ಹಿಂದಕ್ಕೆ ನುಸುಳಿ ಮಸಿ ಹಿಡಿಯುತ್ತದೆ. ಕೈಪಿಡಿಯ ಮಿತಿಯೊಳಗೇ ಸ್ವಲ್ಪ ಏರಿಸಿ, ಇಲ್ಲವೇ ಇನ್ನೂ ವೇಗದ ಮದ್ದಿಗೆ ಹೋಗಿ. ಕೆಟ್ಟ ಮದ್ದನ್ನು ಮೂಗು ಹೇಳುತ್ತದೆ. ಒಳ್ಳೆಯದಕ್ಕೆ ಈಥರಿನಂಥ ಹಗುರ ವಾಸನೆ, ಕೆಟ್ಟದ್ದಕ್ಕೆ ಮೂಗಿಗೆ ಚುಚ್ಚುವ ಹುಳಿ ವಾಸನೆ. ಮುಚ್ಚಳ ತೆಗೆದಾಗ ಕೆಂಗಂದು ಪುಡಿಯೋ ಹೊಗೆಯೋ ಕಂಡರೆ ತುಂಬಬೇಡಿ, ಇಟ್ಟುಕೊಳ್ಳಲೂ ಬೇಡಿ. ವಿಲೇವಾರಿಗೆ ಅಗ್ನಿಶಾಮಕ ದಳದವರನ್ನು ಕೇಳಿ. ಚೀಟಿ ಇಲ್ಲದ ಡಬ್ಬಿಯ ಗತಿಯೂ ಅದೇ, ಕಾಳಿನ ಬಣ್ಣ ನೋಡಿ ಹೆಸರು ಹೇಳುವವರನ್ನು ನಂಬಬೇಡಿ.

ಪ್ರಶ್ನೆ: ಒಂದು ಪೌಂಡ್ ಡಬ್ಬಿಯಲ್ಲಿ ಎಷ್ಟು ತೋಟಾ ಆಗುತ್ತವೆ? ಒಮ್ಮೆಗೇ ದೊಡ್ಡ ಡಬ್ಬಿ ಕೊಳ್ಳುವುದು ಲಾಭವೇ?

ಉತ್ತರ: ಒಂದು ಪೌಂಡ್ ಎಂದರೆ 7,000 ಗ್ರೇನ್. 4 ಗ್ರೇನ್‌ನಂತೆ 1,750 ತೋಟಾ. .44 ಮ್ಯಾಗ್ನಮ್‌ಗೆ 24 ಗ್ರೇನ್ ಎಚ್110 ಹಾಕುವವರಿಗೆ 291 ಮಾತ್ರ. ಮೊದಲು ಚಿಕ್ಕ ಡಬ್ಬಿ ತಂದು ನಿಮ್ಮ ಗುಂಡಿಗೆ, ಪಿಸ್ತೂಲಿಗೆ ಒಗ್ಗುತ್ತದೆಯೇ ನೋಡಿ. ಒಗ್ಗಿದ ಮೇಲೆ ದೊಡ್ಡದು ತಂದರೆ ಒಂದೇ ಲಾಟ್ (ತಯಾರಿಕೆಯ ಕಂತು) ಸಂಖ್ಯೆಯ ಮದ್ದು ಬಹಳ ದಿನ ಬರುತ್ತದೆ, ಅದೇ ನಿಜವಾದ ಲಾಭ. ಲಾಟ್ ಬದಲಾದಾಗ ಅಳತೆಯನ್ನು ತುಸು ಕೆಳಗಿಳಿಸಿ ಮತ್ತೆ ಏರಿಸಿಕೊಂಡು ಬನ್ನಿ. ಹೊಸ ಲಾಟನ್ನು ಹಳೆಯ ಡಬ್ಬಿಯ ತಳದಲ್ಲಿ ಉಳಿದದ್ದರ ಮೇಲೆ ಸುರಿಯಬೇಡಿ. ಕೆಲಸ ಮುಗಿದ ಮೇಲೆ ಪೌಡರ್ ಮೆಷರ್‌ನಲ್ಲಿ ಮದ್ದು ಬಿಡುವುದೂ ಬೇಡ. ನೈಟ್ರೋಗ್ಲಿಸರಿನ್ ಇರುವ ಮದ್ದು ಕೆಲವು ಪ್ಲಾಸ್ಟಿಕ್ಕನ್ನು ತಿಂದು ಮಬ್ಬಾಗಿಸುತ್ತದೆ, ಮರುದಿನ ಅದರಲ್ಲಿರುವುದು ಯಾವ ಮದ್ದು ಎಂಬುದೂ ಮರೆತುಹೋಗಿರುತ್ತದೆ.